ನಕಲಿನಲ್ಲಿ ಬಿದ್ದ ತಪ್ಪು
(ಜೀವಿಗಳಲ್ಲಿ ಉತ್ಪರಿವರ್ತನೆ: ಅದರ ಕಾರಣಗಳು, ಪರಿಣಾಮಗಳು)

ಬೀಚಿನಿಂದ ತಾಂಬರಂಗೆ ಬರುವ ಎಲೆಕ್ಟ್ರಿಕ್ ಟ್ರೇನಿನಲ್ಲಿ ದಿನವೂ ಓಡಾಡುವ ನಮ್ಮ ವಾಚನಾಲಯದ ಬಂಧುಗಳಿಗೆ, ತಾಂಬರಂಗೆ ಒಂದು ನಿಲ್ದಾಣ ಮೊದಲು ಬರುವ 'ತಾಂಬರಂ ಸ್ಯಾನಟೋರಿಯಂ' ಎಂಬ ಹೆಸರು ಹೊಸದಲ್ಲ. ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಆ ಹೆಸರು ಏಕೆ ಬಂತೆಂದು ಕೇಳುವವರು ಕಡಿಮೆ. ಆ ಹೆಸರಿನ ಹಿಂದೆ ಒಂದು ಆಸ್ಪತ್ರೆಯಿದೆ. ಆ ಆಸ್ಪತ್ರೆಯ ಹಿಂದೆ ಒಂದು ಕ್ರಿಮಿಯಿದೆ. ಆ ಕ್ರಿಮಿಯೊಳಗೆ ನಡೆಯುವ ಒಂದು ಸಣ್ಣ ತಪ್ಪಿನ ವಿಚಾರವೇ ಈ ಸಲದ ಪಾಠ. ಅಂಥ ತಪ್ಪು ಕ್ರಿಮಿಯಲ್ಲಿ ಮಾತ್ರವಲ್ಲ, ಗಿಡದಲ್ಲಿ, ದನಕರುಗಳಲ್ಲಿ, ನಮ್ಮಲ್ಲಿ, ನಿಮ್ಮಲ್ಲಿ, ಜೀವವಿರುವ ಎಲ್ಲದರಲ್ಲಿಯೂ ನಡೆಯುವಂಥದು. ಅದಕ್ಕೆ ಕನ್ನಡದಲ್ಲಿ ಉತ್ಪರಿವರ್ತನೆ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಮ್ಯುಟೇಶನ್ ಎಂದು ಓದಿರುತ್ತೀರಿ.

ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಮಿಲ್ಲಿನ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಆದುದರಿಂದ ನನಗೆ ತಿಳಿದ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ.

ಲೆಕ್ಕದ ಪುಸ್ತಕ

ಲೆಡ್ಜರಿನ ಒಂದು ಪುಟ ತುಂಬಿದಾಗ ಅಡಿಯಲ್ಲಿ ಮೊತ್ತ ಹಾಕಿ, ಅದನ್ನೇ ಮುಂದಿನ ಪುಟದ ತಲೆಗೆ ಬರೆಯುತ್ತೇವೆ. ಅವಸರದಲ್ಲಿ 3,175 ಎಂಬುದು 3,715 ಎಂದು ಬಿದ್ದರೆ ಏನಾಗುತ್ತದೆ? ಅಲ್ಲಿಂದ ಮುಂದೆ ಕೂಡಿಸುವವನು ಎಷ್ಟು ಪ್ರಾಮಾಣಿಕನಾಗಿ ಕೂಡಿಸಿದರೂ ಪ್ರತಿ ಪುಟವೂ ತಪ್ಪೇ. ಮುಂದಿನ ಪುಟಗಳಿಗೆ ಅದು ತಪ್ಪೆಂದು ಗೊತ್ತೇ ಇಲ್ಲ. ತಪ್ಪನ್ನೂ ಅವು ಸರಿಯೆಂದೇ ನಕಲು ಮಾಡುತ್ತವೆ.

ಪ್ರತಿಯೊಂದು ಜೀವಕೋಶದಲ್ಲಿಯೂ ಇಂಥದೇ ಒಂದು ಪುಸ್ತಕವಿದೆ. ಅದರ ಹೆಸರು ಡಿ.ಎನ್.ಎ. ಅದರ ಜೋಡಿ ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ವಿವರಿಸಿದರು. ನಮ್ಮ ಕನ್ನಡದಲ್ಲಿ ಸುಮಾರು ಐವತ್ತು ಅಕ್ಷರಗಳು. ಈ ಪುಸ್ತಕದಲ್ಲಿ ನಾಲ್ಕೇ: ಎ, ಟಿ, ಜಿ, ಸಿ. ಈ ನಾಲ್ಕೇ ಅಕ್ಷರಗಳು ಹಿಂದುಮುಂದಾಗಿ ಬಂದು ಮನುಷ್ಯನ ಪುಸ್ತಕ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದವಾಗಿದೆ. ಕ್ಷಯರೋಗದ ಕ್ರಿಮಿಯದು ಸುಮಾರು 44 ಲಕ್ಷ. ಪುಸ್ತಕದ ಒಂದೊಂದು ಅಧ್ಯಾಯವೂ ಶರೀರದ ಒಂದೊಂದು ಸಾಮಾನನ್ನು ಮಾಡುವ ವಿಧಾನವನ್ನು ಹೇಳುತ್ತದೆ. ಆ ಅಧ್ಯಾಯಕ್ಕೆ ಜೀನು, ಅಥವಾ ವಂಶವಾಹಿ, ಎಂದು ಹೆಸರು.

ಒಂದು ಕೋಶ ಎರಡಾಗುವಾಗ ಇಡೀ ಪುಸ್ತಕದ ನಕಲು ಆಗಲೇಬೇಕು. ಕೋಶದೊಳಗೆ ನಕಲು ಮಾಡುವವರೂ ಇದ್ದಾರೆ, ನಕಲನ್ನು ತಾಳೆ ನೋಡಿ ತಿದ್ದುವವರೂ ಇದ್ದಾರೆ. ಅವರ ಕೈ ನಮ್ಮ ಕೈಯಂತಲ್ಲ. ಸುಮಾರು 100 ಕೋಟಿ ಅಕ್ಷರಗಳಿಗೆ ಒಂದು ತಪ್ಪು ಉಳಿದರೆ ಹೆಚ್ಚು. ಆದರೂ ತಪ್ಪು ಉಳಿಯುತ್ತದೆ. ಉಳಿದ ಆ ತಪ್ಪೇ ಉತ್ಪರಿವರ್ತನೆ. ಒಂದಕ್ಷರಕ್ಕೆ ಬದಲು ಇನ್ನೊಂದು ಬೀಳಬಹುದು, ಒಂದಕ್ಷರ ಬಿಟ್ಟುಹೋಗಬಹುದು, ಒಂದು ಸಾಲೇ ಎರಡು ಸಲ ಬರಬಹುದು. ಹುಟ್ಟುವ ಪ್ರತಿಯೊಂದು ಮಗುವಿನಲ್ಲಿಯೂ ತಂದೆತಾಯಿಗಳಲ್ಲಿ ಇಲ್ಲದ ಸುಮಾರು 60-70 ಹೊಸ ಬದಲಾವಣೆಗಳು ಇರುತ್ತವೆ. ತಪ್ಪಿಲ್ಲದ ನಕಲು ಎಂಬುದು ರಾಜನ ಮನೆಯಲ್ಲಿಯೂ ಇಲ್ಲ, ಕೂಲಿಯವನ ಮನೆಯಲ್ಲಿಯೂ ಇಲ್ಲ.

ತಪ್ಪು ಏಕೆ ಬೀಳುತ್ತದೆ?

ಮೊದಲನೆಯದಾಗಿ, ನಕಲು ಮಾಡುವಾಗ ತಾನಾಗಿಯೇ ಬೀಳುತ್ತದೆ. ಯಾರ ದೋಷವೂ ಇಲ್ಲ, ಯಾರ ಶಾಪವೂ ಅಲ್ಲ. ಎರಡನೆಯದಾಗಿ, ಹೊರಗಿನ ಪೆಟ್ಟಿನಿಂದ ಬೀಳುತ್ತದೆ. 1927ರಲ್ಲಿ ಮುಲ್ಲರ್ ಎಂಬ ಅಮೆರಿಕದ ವಿಜ್ಞಾನಿ ಹಣ್ಣಿನ ನೊಣಗಳ ಮೇಲೆ ಎಕ್ಸ್-ರೇ ಕಿರಣ ಹಾಯಿಸಿ, ಅವುಗಳ ಸಂತಾನದಲ್ಲಿ ಉತ್ಪರಿವರ್ತನೆಗಳು ಬಹುಪಟ್ಟು ಹೆಚ್ಚುವುದನ್ನು ತೋರಿಸಿದನು. ಅದಕ್ಕಾಗಿ 1946ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಷಾರ್ಲೊಟ್ ಆವರ್‌ಬಾಕ್ ಎಂಬಾಕೆ, ಸಾಸಿವೆ ಅನಿಲವೆಂಬ ವಿಷವೂ ಅದೇ ಕೆಲಸ ಮಾಡುತ್ತದೆಂದು ಕಂಡುಹಿಡಿದರು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ, ಬೀಡಿ-ಸಿಗರೇಟಿನ ಹೊಗೆ, ಬಾಯಿಗೆ ಹಾಕಿಕೊಳ್ಳುವ ಹೊಗೆಸೊಪ್ಪು, ಇವೂ ಅಕ್ಷರ ಕೆಡಿಸುವ ಸಾಮಾನುಗಳೇ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಬೀಡಿ ಸೇದುವವನ ಶ್ವಾಸಕೋಶದ ಕೋಶದಲ್ಲಿ ಬಿದ್ದ ತಪ್ಪು ಅವನಿಗೆ ಕ್ಯಾನ್ಸರ್ ತರಬಹುದು, ಆದರೆ ಆ ತಪ್ಪು ಅವನ ಮಗನಿಗೆ ಇಳಿಯುವುದಿಲ್ಲ. ಬೀಜದಲ್ಲಿ, ಎಂದರೆ ಗಂಡಿನ ವೀರ್ಯಾಣುವಿನಲ್ಲಿಯೋ ಹೆಣ್ಣಿನ ಅಂಡದಲ್ಲಿಯೋ ಇರುವ ತಪ್ಪು ಮಾತ್ರ ಸಂತಾನಕ್ಕೆ ಹೋಗುತ್ತದೆ.

ನಮ್ಮ ನಾಡಿನದೇ ಒಂದು ಉದಾಹರಣೆ ಹಂದಿಗೋಡು. ಅದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಒಂದು ಹಳ್ಳಿ. ಸೊಂಟ ಮತ್ತು ಮಂಡಿಯ ಕೀಲುಗಳು ನೋಯುತ್ತ ಸವೆದು, ದುಡಿಯುವ ವಯಸ್ಸಿನವರೇ ನಡೆಯಲಾರದಂತಾಗುವ ರೋಗ ಅಲ್ಲಿ 1970ರ ದಶಕದ ನಡುವೆ ಹೊರಗಿನವರ ಗಮನಕ್ಕೆ ಬಂತು. ಕೆಲವರು ಕುಳ್ಳಾಗಿಯೇ ಉಳಿದರು. ಬಡ ಕೂಲಿ ಜನರು ಗದ್ದೆಯ ಏಡಿ ತಿನ್ನುತ್ತಾರೆ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯಲ್ಲಿದೆ ಎಂಬ ಅನುಮಾನ ಮೊದಲು ಬಲವಾಗಿತ್ತು. ಮನೆಮನೆಯ ವಂಶಾವಳಿಯನ್ನು ಬರೆದು ನೋಡಿದ ಮೇಲೆ, ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಇಳಿದು ಬರಬಲ್ಲ ವಂಶದ ರೋಗವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನಿರ್ಣಯಿಸಿದರು. ಅಂಥ ರೋಗದಲ್ಲಿ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಸೊಸೆಯ ಕಾಲ್ಗುಣವೂ ಅಲ್ಲ, ದೇವರ ಮುನಿಸೂ ಅಲ್ಲ. ಎಂದೋ ಒಂದು ತಲೆಮಾರಿನಲ್ಲಿ ಬಿದ್ದ ನಕಲಿನ ತಪ್ಪು.

ತಪ್ಪೆಲ್ಲ ಕೆಡುಕೇ?

ಅಲ್ಲ. ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ. 'ಹೋಗುತ್ತೇನೆ' ಎಂಬುದನ್ನು 'ಹೋಗುತ್ತೀನಿ' ಎಂದು ಬರೆದರೂ ಅರ್ಥ ಕೆಡುವುದಿಲ್ಲವಷ್ಟೆ. ಕೆಲವು ಕೆಡುಕು ಮಾಡುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ಉಪಕಾರಕ್ಕೆ ಬರುತ್ತದೆ. ಮುಂಬೈಯ ಟ್ರಾಂಬೆಯಲ್ಲಿರುವ ಪರಮಾಣು ಸಂಶೋಧನಾ ಕೇಂದ್ರದವರು ಶೇಂಗಾ ಬೀಜಕ್ಕೆ ಕಿರಣ ಹಾಯಿಸಿ, ಹುಟ್ಟಿದ ಗಿಡಗಳಲ್ಲಿ ಒಳ್ಳೆಯವನ್ನು ಆರಿಸಿ, ಮತ್ತೆ ತಳಿ ಕೂಡಿಸಿ ಹೊಸ ತಳಿಗಳನ್ನು ತಂದಿದ್ದಾರೆ. ಟ್ಯಾಗ್-24 ಎಂಬ ಶೇಂಗಾ ಹಾಗೆ ಬಂದದ್ದು. ಶೇಂಗಾ ಸೀಮೆಯಿಂದ ಬಂದ ನಮ್ಮ ಗೆಳೆಯರು ಈ ಹೆಸರನ್ನು ಕೇಳಿರಬಹುದು.

ಒಂದೇ ತಪ್ಪು ಒಂದು ಕಡೆ ಕೆಡುಕು, ಇನ್ನೊಂದು ಕಡೆ ಉಪಕಾರ ಆಗುವುದೂ ಉಂಟು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಮಾಡುವ ಅಧ್ಯಾಯದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ, ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಇದನ್ನು ಕುಡುಗೋಲು ಕಣದ ರಕ್ತಹೀನತೆ ಎನ್ನುತ್ತಾರೆ. ನಮ್ಮ ಪಕ್ಕದ ನೀಲಗಿರಿಯ ಬೆಟ್ಟದ ಜನರಲ್ಲಿ ಈ ಗುಣವಿದೆಯೆಂದು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬವರು ಪ್ರಕಟಿಸಿದರು. ತಂದೆತಾಯಿ ಇಬ್ಬರಿಂದಲೂ ತಪ್ಪಿನ ಪ್ರತಿ ಬಂದ ಮಗುವಿಗೆ ಕಠಿಣ ರೋಗ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೇಲಾಗಿ ಮಲೇರಿಯಾ ಅಂಥವರನ್ನು ಸುಲಭವಾಗಿ ಕೊಲ್ಲಲಾರದು. ಮಲೇರಿಯಾ ಇರುವ ಕಾಡಿನಲ್ಲಿ ಆ ತಪ್ಪು ಬದುಕಿಸಿತು, ಆದುದರಿಂದ ಉಳಿಯಿತು. ಮಲೇರಿಯಾ ಇಲ್ಲದ ಊರಿನಲ್ಲಿ ಅದರಿಂದ ಲಾಭವಿಲ್ಲ.

ಇದರಿಂದ ತಿಳಿಯುವುದೇನು? ತಪ್ಪು ಕುರುಡು. ಅದು ಯಾರ ಒಳಿತನ್ನೂ ನೋಡಿ ಬೀಳುವುದಿಲ್ಲ. ಯಾವ ತಪ್ಪು ಉಳಿದು ಬೆಳೆಯಬೇಕೆಂಬುದನ್ನು ಆರಿಸುವುದು ಸುತ್ತಲಿನ ಪರಿಸ್ಥಿತಿ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಈಗ ಸ್ಯಾನಟೋರಿಯಂಗೆ ಹೋಗೋಣ.

ತಾಂಬರಂ ಸ್ಯಾನಟೋರಿಯಂ

ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದನು. ಕ್ರಿಮಿ ಗೊತ್ತಾಯಿತು, ಮದ್ದು ಗೊತ್ತಾಗಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಆಹಾರ, ಇಷ್ಟೇ ಆಗಿನ ಚಿಕಿತ್ಸೆ. ಇಂಗ್ಲೆಂಡಿನಲ್ಲಿ ಇಂಥ ಆರೋಗ್ಯಧಾಮ ನಡೆಸಿ ಬಂದ ಡಾಕ್ಟರ್ ಚೌರಿ ಮುತ್ತು ಅವರು 1928ರಲ್ಲಿ ತಾಂಬರಂನಲ್ಲಿ ಈ ಸ್ಯಾನಟೋರಿಯಂ ಸ್ಥಾಪಿಸಿದರು. 1937ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಈಗ ಅದು ಎದೆರೋಗಗಳ ಸರಕಾರಿ ಆಸ್ಪತ್ರೆ.

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು. ಕ್ಷಯಕ್ಕೆ ಕಡೆಗೂ ಮದ್ದು ಬಂತೆಂದು ಜನ ಹಿಗ್ಗಿದರು. ಆದರೆ 1948ರಲ್ಲಿ ಪ್ರಕಟವಾದ ಬ್ರಿಟಿಷರ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡಿತು. ಇಂಜೆಕ್ಷನ್ ಕೊಟ್ಟ ರೋಗಿಗಳು ಮೊದಲ ತಿಂಗಳುಗಳಲ್ಲಿ ಚೇತರಿಸಿಕೊಂಡರು. ಆಮೇಲೆ ಹಲವರಲ್ಲಿ ರೋಗ ಮತ್ತೆ ಕೆರಳಿತು, ಅದೇ ಮದ್ದು ಈಗ ನಾಟಲಿಲ್ಲ. 'ಮದ್ದು ಮೈಗೆ ಒಗ್ಗಿಹೋಯಿತು' ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವಲ್ಲ, ಅದು ಸರಿಯಲ್ಲ. ಮೈ ಬದಲಾಗಿರಲಿಲ್ಲ, ಮೈಯಲ್ಲಿದ್ದ ಕ್ರಿಮಿಗಳ ಸಂತತಿಯೇ ಬದಲಾಗಿತ್ತು.

ಮದ್ದು ಕ್ರಿಮಿಗೆ ಪಾಠ ಕಲಿಸಿತೇ? ಅದೂ ಇಲ್ಲ. ಅದೇ 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರೂಕ್ ಎಂಬವರು ಬೇರೊಂದು ಜಾತಿಯ ಬ್ಯಾಕ್ಟೀರಿಯವನ್ನು ಬೇರೆಬೇರೆ ಕೊಳವೆಗಳಲ್ಲಿ ಬೆಳೆಸಿ, ಅದನ್ನು ಕೊಲ್ಲುವ ವೈರಸ್ಸನ್ನು ಮೇಲೆ ಬಿಟ್ಟು ನೋಡಿದ್ದರು. ಶತ್ರುವನ್ನು ಕಂಡ ಮೇಲೆ ಅವು ಕಲಿಯುವುದಾದರೆ ಎಲ್ಲ ಕೊಳವೆಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಬದುಕಿರಬೇಕಾಗಿತ್ತು. ಹಾಗಾಗಲಿಲ್ಲ. ಕೆಲವು ಕೊಳವೆಗಳಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ರಾಶಿ. ಎಂದರೆ ತಪ್ಪು ಮೊದಲೇ ಬಿದ್ದಿತ್ತು. ಯಾವ ಕೊಳವೆಯಲ್ಲಿ ಬೇಗ ಬಿದ್ದಿತ್ತೋ ಅಲ್ಲಿ ಸಂತತಿ ಹೆಚ್ಚಿತ್ತು. ಕ್ಷಯದ ಕ್ರಿಮಿಯದೂ ಇದೇ ಕಥೆ. ಗುಳಿಗೆ ನುಂಗುವ ಮೊದಲೇ ಗುಳಿಗೆಗೆ ಬಗ್ಗದ ಕ್ರಿಮಿ ನಾಲ್ಕಾರು ಒಳಗಿರುತ್ತವೆ.

ಕೂಡಿಸಿ ನೋಡೋಣ

ಕ್ಷಯದಿಂದ ಶ್ವಾಸಕೋಶದಲ್ಲಿ ಬಿದ್ದ ಒಂದು ಗೂಡಿನಲ್ಲಿ ಸುಮಾರು 10 ಕೋಟಿ ಕ್ರಿಮಿಗಳು ಇರಬಹುದು. ಐಸೋನಿಯಜಿಡ್ ಎಂಬ ಮದ್ದಿಗೆ ಬಗ್ಗದ ಕ್ರಿಮಿ ಸುಮಾರು 10 ಲಕ್ಷಕ್ಕೆ ಒಂದು. ಭಾಗಿಸಿ ನೋಡಿ: ಆ ಗೂಡಿನಲ್ಲಿ ಅಂಥವು 100. ಐಸೋನಿಯಜಿಡ್ ಒಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು ಈ ನೂರು ಉಳಿಯುತ್ತವೆ. ನೂರು ಇಪ್ಪತ್ತು ಸಲ ಇಮ್ಮಡಿಯಾದರೆ ಮತ್ತೆ 10 ಕೋಟಿ ದಾಟುತ್ತದೆ. ಆದರೆ ಈ ಸಲ 10 ಕೋಟಿಯೂ ಮದ್ದಿಗೆ ಬಗ್ಗದವೇ.

ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಗೆ ಒಂದು. ಎರಡೂ ಮದ್ದುಗಳಿಗೆ ಏಕಕಾಲದಲ್ಲಿ ಬಗ್ಗದ ಕ್ರಿಮಿ ಬೇಕಾದರೆ 10 ಲಕ್ಷವನ್ನು 10 ಕೋಟಿಯಿಂದ ಗುಣಿಸಬೇಕು: ಕೋಟಿ ಕೋಟಿಗೆ ಒಂದು. ಅಷ್ಟು ಕ್ರಿಮಿ ಯಾವ ಮನುಷ್ಯನ ಎದೆಯಲ್ಲಿಯೂ ಇರುವುದಿಲ್ಲ. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತದೆ. ಕ್ಷಯಕ್ಕೆ ಒಂದಲ್ಲ, ಮೊದಲ ಎರಡು ತಿಂಗಳು ನಾಲ್ಕು ಮದ್ದು, ಮುಂದಿನ ನಾಲ್ಕು ತಿಂಗಳು ಮೂರು ಮದ್ದು ಕೊಡುವುದರ ಗುಟ್ಟು ಈ ಗುಣಾಕಾರವೇ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಎಲ್ಲ ಮದ್ದುಗಳೂ ಜೊತೆಯಾಗಿ, ದಿನವೂ, ಕೊನೆಯವರೆಗೂ ಒಳಗೆ ಹೋಗಬೇಕು. ಒಂದನ್ನು ನುಂಗಿ ಒಂದನ್ನು ಬಿಟ್ಟವನು, ನಾಲ್ಕು ದಿನ ನುಂಗಿ ಎರಡು ದಿನ ಬಿಟ್ಟವನು, ಗುಣಾಕಾರದ ಲೆಕ್ಕವನ್ನು ತಾನೇ ಮುರಿದು ಭಾಗಾಕಾರಕ್ಕೆ ಇಳಿಸುತ್ತಾನೆ.

ನಮ್ಮ ಕೋಣೆಯ ಅಣ್ಣ

ಹನ್ನೆರಡು ವರ್ಷದ ಕೆಳಗೆ ನಾನು ಈ ಊರಿಗೆ ಬಂದಾಗ ಆರು ಮಂದಿ ಒಂದು ಕೋಣೆಯಲ್ಲಿದ್ದೆವು. ಅವರಲ್ಲಿ ರಾಯಚೂರು ಕಡೆಯವರೊಬ್ಬರು, ನನಗಿಂತ ಹತ್ತು ವರ್ಷ ಹಿರಿಯರು. ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರಿಗೆ ಕ್ಷಯವೆಂದು ತಿಳಿಯಿತು. ಸರಕಾರಿ ಆಸ್ಪತ್ರೆಗೆ ಹೋದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆಂದು ನಾಚಿಕೊಂಡು, ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಅಗ್ಗದ ಗುಳಿಗೆ ಕೊಂಡು ದುಬಾರಿಯದನ್ನು ಬಿಡುತ್ತಿದ್ದರು. ಎರಡು ತಿಂಗಳಲ್ಲಿ ಜ್ವರ ಇಳಿಯಿತು, ಮೈ ತುಂಬಿಕೊಂಡಿತು. "ಜ್ವರ ಹೋತಲ್ಲೋ ತಮ್ಮಾ, ಇನ್ನ ಗುಳಿಗಿ ಯಾಕ?" ಎಂದು ಪೂರ್ತಿ ನಿಲ್ಲಿಸಿ ಊರಿನ ಜಾತ್ರೆಗೆ ಹೋದರು. ನಾನೂ ಸರಿಯೆಂದೇ ತಲೆದೂಗಿದೆ. ಆಗ ನನಗೆ ಈ ಲೆಕ್ಕ ಗೊತ್ತಿರಲಿಲ್ಲ.

ಏಳು ತಿಂಗಳಿಗೆ ಮತ್ತೆ ಕೆಮ್ಮು. ಈ ಸಲ ಕಫ ಪರೀಕ್ಷೆಯಲ್ಲಿ ಬಂದದ್ದು ಎರಡು ಮುಖ್ಯ ಮದ್ದುಗಳಿಗೂ ಬಗ್ಗದ ಕ್ಷಯ. ಸುಮಾರು ಎರಡು ವರ್ಷ ಚಿಕಿತ್ಸೆ, ಅದರಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಇಂಜೆಕ್ಷನ್. ರೋಗ ಹೋಯಿತು. ಕಿವಿಯೂ ಹೋಯಿತು, ಆಗ ಕೊಡುತ್ತಿದ್ದ ಇಂಜೆಕ್ಷನ್ನಿಗೆ ಆ ಅಪಾಯವಿತ್ತು. ಊರಿಗೆ ಫೋನ್ ಮಾಡಿದರೆ ಈಗ ಅವರ ಮಗಳು ಎತ್ತಿಕೊಂಡು, ನಾನು ಹೇಳಿದ್ದನ್ನು ಅವರ ಕಿವಿಯ ಬಳಿ ಕೂಗಿ ಹೇಳಬೇಕು.

ಅದೇ ಕೋಣೆಯಲ್ಲಿದ್ದ ಇನ್ನೊಬ್ಬ ಹುಡುಗನಿಗೂ ಕ್ಷಯ ಬಂತು. ಅವನು ಆವರೆಗೆ ಕ್ಷಯದ ಗುಳಿಗೆಯನ್ನೇ ಕಂಡವನಲ್ಲ. ಆದರೂ ಅವನಿಗೆ ಬಂದದ್ದು ಮದ್ದಿಗೆ ಬಗ್ಗದ ಕ್ಷಯವೇ. ತಪ್ಪಾದ ಪುಟ ನಕಲಾಗಿ ಪಕ್ಕದವನ ಪುಸ್ತಕಕ್ಕೆ ಹೋದದ್ದು ಹೀಗೆ. ಅಣ್ಣನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆರು ಜನರಲ್ಲಿ ಒಬ್ಬರಿಗಾದರೂ ಈ ಲೆಕ್ಕ ಗೊತ್ತಿದ್ದರೆ ಎಂಬ ಕೊರಗಿನಿಂದ ಬರೆಯುತ್ತಿದ್ದೇನೆ.

ನಾವು ಮಾಡಬೇಕಾದದ್ದು

ರೋಗವನ್ನು ಮುಚ್ಚಿಡುವ ಕಾರಣವಿಲ್ಲ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದವರು, ಸ್ಯಾನಟೋರಿಯಂನಲ್ಲಿ ಇಟ್ಟ ರೋಗಿಗಳನ್ನೂ, ಬಡವರ ಇಕ್ಕಟ್ಟಾದ ಮನೆಯಲ್ಲಿಯೇ ಇದ್ದು ಮದ್ದು ತೆಗೆದುಕೊಂಡವರನ್ನೂ ಹೋಲಿಸಿ ನೋಡಿದರು. ಮದ್ದು ಸರಿಯಾಗಿ ಹೋದರೆ ಮನೆಯವರೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ, ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ ಎಂದು 1959ರಲ್ಲಿ ಪ್ರಕಟಿಸಿದರು. ಜಗತ್ತಿಗೇ ಅದು ದಾರಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು.

ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ರಿಮಿಯ ಪುಸ್ತಕವನ್ನೇ ಓದುವ ಪರೀಕ್ಷೆಗಳು ಈಗ ಇವೆ. ಅವುಗಳಲ್ಲಿ ಟ್ರೂನ್ಯಾಟ್ ಎಂಬುದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆ. ರಿಫಾಂಪಿಸಿನ್‌ಗೆ ಬಗ್ಗದಂತೆ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಕ್ರಿಮಿಯ ಒಂದು ಜೀನಿನ 81 ಅಕ್ಷರಗಳ ತುಣುಕಿನಲ್ಲಿಯೇ ಬೀಳುತ್ತವೆ. ಆ ತುಣುಕನ್ನು ಓದಿ, ಯಾವ ಮದ್ದು ನಾಟುತ್ತದೆಂದು ಕೆಲವೇ ಗಂಟೆಗಳಲ್ಲಿ ಹೇಳಬಹುದು.

ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ಬಿಡಿ ಗುಳಿಗೆಗಳನ್ನು ಆರಿಸಿ ಬಿಡುವ ಅಭ್ಯಾಸವನ್ನು ತಪ್ಪಿಸಲೆಂದೇ ಈಗ ಮದ್ದುಗಳನ್ನೆಲ್ಲ ಒಂದೇ ಗುಳಿಗೆಯಲ್ಲಿ ಕೂಡಿಸಿ ಕೊಡುತ್ತಾರೆ. ಊಟದ ಖರ್ಚಿಗೆಂದು ರೋಗಿಯ ಬ್ಯಾಂಕ್ ಖಾತೆಗೆ ಸರಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ. ಮದ್ದು ಶುರುವಾದ ಮೇಲೆ ಮೂತ್ರ ಕೆಂಪಾದರೆ ಹೆದರಬೇಡಿ, ಅದು ರಿಫಾಂಪಿಸಿನ್ನಿನ ಬಣ್ಣ. ವಾಂತಿ, ಕಣ್ಣು ಹಳದಿಯಾಗುವುದು, ದೃಷ್ಟಿ ಮಂಜಾಗುವುದು ಕಂಡರೆ ತಾವಾಗಿ ನಿಲ್ಲಿಸದೆ ಕೂಡಲೆ ಡಾಕ್ಟರಿಗೆ ಹೇಳಿ. ಮದ್ದಿಗೆ ಬಗ್ಗದ ಕ್ಷಯಕ್ಕೂ ಈಗ ಹಲವರಿಗೆ ಇಂಜೆಕ್ಷನ್ ಇಲ್ಲದೆ ಆರು ತಿಂಗಳಲ್ಲಿ ಮುಗಿಯುವ ಚಿಕಿತ್ಸೆಯನ್ನು 2024ರಲ್ಲಿ ಸರಕಾರ ಒಪ್ಪಿದೆ. ಅಣ್ಣನ ಕಾಲಕ್ಕೆ ಅದು ಇರಲಿಲ್ಲ.

ಊರಿಗೆ ಹೋಗುವವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಚಿಕಿತ್ಸೆಯ ನಡುವೆ ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋಗಬೇಕಾದರೆ ಆಸ್ಪತ್ರೆಯಲ್ಲಿ ತಿಳಿಸಿ. ನಿಮ್ಮ ಹೆಸರು ನಿಕ್ಷಯ್ ಎಂಬ ದೇಶವ್ಯಾಪಿ ದಾಖಲೆಯಲ್ಲಿರುತ್ತದೆ. ಆ ನಂಬರು ತೆಗೆದುಕೊಂಡು ಹೋದರೆ ರಾಯಚೂರಿನಲ್ಲಿಯೂ ಕೊಪ್ಪಳದಲ್ಲಿಯೂ ಬಿಟ್ಟಲ್ಲಿಂದಲೇ ಮದ್ದು ಮುಂದುವರಿಸಬಹುದು. ತಮಿಳು ಬಾರದೆ ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ವಾಚನಾಲಯದಲ್ಲಿ ನನ್ನನ್ನಾಗಲಿ, ಇತರ ಸ್ವಯಂಸೇವಕರನ್ನಾಗಲಿ ಕೇಳಿ, ಜೊತೆಗೆ ಬರುತ್ತೇವೆ. ಸ್ಯಾನಟೋರಿಯಂ ನಿಲ್ದಾಣ ಇಲ್ಲಿಂದ ಒಂದೇ ಸ್ಟೇಷನ್ನು.

ಕ್ರಿಮಿಯ ಪುಸ್ತಕದಲ್ಲಿ ತಪ್ಪು ಬೀಳುವುದನ್ನು ನಾವು ತಡೆಯಲಾರೆವು. ಆ ತಪ್ಪಿನ ಪುಟ ಮುಂದಿನ ಪುಟಕ್ಕೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಕೊನೆಯ ಗುಳಿಗೆಯವರೆಗೂ ನುಂಗುವುದೆಂದರೆ ಅಷ್ಟೆ.